ರೇವವ್ವನ ಎಡ ಅಂಗೈ

"ಆ ಕೂಸಿನ ಕೊರಳಾಗಿನ ಲಿಂಗಕ್ಕ ಯಾರರೆ ಕೈ ಹಚ್ಚಿದ್ರ ಮೊದಲ ನನ್ನ ಹೆಣಾ ಎತ್ರಿ!" ಎಂದು ರೇವವ್ವ ಊಟದ ತಾಟನ್ನು ಸರಿಸಿದ ರಭಸಕ್ಕೆ ಶೇಂಗಾ ಚಟ್ನಿ ಪಡಸಾಲೆಯ ತುಂಬ ಚೆಲ್ಲಿತು. ರೊಟ್ಟಿ ಬಡಿಯುತ್ತಿದ್ದ ಸೊಸೆ ಮಹಾನಂದಾಳ ಕೈ ಅಲ್ಲೇ ನಿಂತಿತು. ಗುಡಗೇರಿಯ ಈ ಮನೆಗೆ ಬಂದು ಹದಿನೆಂಟು ವರ್ಷವಾಯಿತು, ಅತ್ತೆಗೆ ಒಂದು ದಿನವೂ ಎದುರಾಡಿದವಳಲ್ಲ. ಗಂಡ ಶಂಕ್ರಪ್ಪನೋ... ಕಾಳಿನ ಅಂಗಡಿಯಲ್ಲಿ ಹತ್ತು ಮಂದಿಯ ಬಾಯಿ ಮುಚ್ಚಿಸುವ ಮನುಷ್ಯ, ಅವ್ವನ ದನಿ ಏರಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಗಂಡಸರ ಧೈರ್ಯ ಎಷ್ಟಂತ ಹೇಳೋಣ!

ಇಷ್ಟಕ್ಕೆಲ್ಲ ಕಾರಣ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಕರಾಟೆ ಮಾಸ್ತರ ಆಸೀಫ್ ತಂದ ಸುದ್ದಿ. ರವಿವಾರ ಹುಬ್ಬಳ್ಳಿಯಲ್ಲಿ ಅಂತಾರಾಷ್ಟ್ರೀಯ ಕರಾಟೆ ಚಾಂಪಿಯನ್‌ಶಿಪ್. ನೇಪಾಳ, ಶ್ರೀಲಂಕಾ, ಮಲೇಷ್ಯಾಗಳಿಂದ ತಂಡಗಳು ಬರುತ್ತವೆ. ಮಹಾನಂದಾಳ ಮಗಳು, ಹದಿನೈದರ ಶೈಲಾ, ಅದಕ್ಕೆ ಆಯ್ಕೆಯಾಗಿದ್ದಳು. ಇಷ್ಟು ದಿನ ಸಣ್ಣಪುಟ್ಟ ಪಂದ್ಯಗಳಲ್ಲಿ ಲಿಂಗವನ್ನು ಅಂಗಿಯೊಳಗೆ ವಸ್ತ್ರದಲ್ಲಿ ಬಿಗಿದು ಕಟ್ಟಿಕೊಂಡೇ ಆಡಿದ್ದಳು, ಯಾರೂ ಕೇಳಿರಲಿಲ್ಲ. ಅಲ್ಲಿ ಹಾಗಲ್ಲ. ಮ್ಯಾಟ್ ಹತ್ತುವ ಮೊದಲು ತಪಾಸಣೆ ಇರುತ್ತದೆ, ಕೊರಳಲ್ಲಿ ದಾರದ ಎಳೆಯೂ ಇರುವಂತಿಲ್ಲ.

"ತಗಿ ಅನ್ನಾಕ ನಾ ಯಾರ್ರಿ ಆಯಿ? ನಿಯಮ ಹೇಳಾಕ ಬಂದೇನ್ರಿ," ಎಂದ ಆಸೀಫ್. "ಆದ್ರ ಇಂಥಾ ಹುಡುಗಿನ್ನ ನಾ ಇನ್ನೂತನಕ ಕಂಡಿಲ್ರಿ."

"ಹುಟ್ಟಿದಾಗ ಸ್ವಾಮಿಗಳು ಕಟ್ಟ್ಯಾರ. ಅದು ಮೈಮ್ಯಾಲಿಂದ ಇಳೀಬೇಕಂದ್ರ ಜೀವನಽ ಹೋಗಬೇಕು. ನಿಮಗ ಪದಕ ದೊಡ್ಡದು, ನನಗ ಕೂಸು ದೊಡ್ಡದು!"

ರವಿವಾರ ಬೆಳಿಗ್ಗೆ ಮಹಾನಂದಾ ಮಗಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೊರಟಳು. ಹೋಗಿ ಏನು ಮಾಡುವುದೆಂದು ಅವಳಿಗೇ ಗೊತ್ತಿರಲಿಲ್ಲ. ಶಂಕ್ರಪ್ಪನಿಗೆ ಅಂದು ಅಂಗಡಿಯಲ್ಲಿ ಭಾರಿ ಕೆಲಸವಂತೆ! ರೈಲು ಬರುವ ಹೊತ್ತಿಗೆ ತಿರುಗಿ ನೋಡಿದರೆ... ಪಕ್ಕದಲ್ಲೇ ರೇವವ್ವ! "ನಾನೂ ಬರ್ತೀನಿ. ಏನ ಮಾಡ್ತೀರಿ ನೋಡೇಬಿಡ್ತೀನಿ," ಎಂದವಳು ಹುಬ್ಬಳ್ಳಿ ಮುಟ್ಟುವವರೆಗೂ ಮೊಮ್ಮಗಳ ಮುಂಗೈ ಬಿಡಲಿಲ್ಲ.

ಕ್ರೀಡಾಂಗಣದೊಳಗೆ ಕಾಲಿಟ್ಟ ಮಹಾನಂದಾ ಬೆರಗಾಗಿ ನಿಂತಳು. ಎಷ್ಟು ಧ್ವಜಗಳು! ಎಷ್ಟು ದೇಶದ ಮಕ್ಕಳು! ಬಿಳಿ ಬಟ್ಟೆಯ ನೂರಾರು ಮಕ್ಕಳು ಒಮ್ಮೆಲೇ ಸೊಂಟ ಬಗ್ಗಿಸಿ ವಂದಿಸಿದಾಗ ಅವಳ ಮೈ ಜುಮ್ಮೆಂದಿತು. ಹೊಡೆದಾಡಲಿಕ್ಕೆ ಬಂದವರು ಮೊದಲು ಒಬ್ಬರಿಗೊಬ್ಬರು ತಲೆಬಾಗುತ್ತಾರಲ್ಲ, ಇದೆಂಥ ವಿದ್ಯೆ! ಇಂಥ ದೊಡ್ಡದರೊಳಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸೂ ಒಂದು ಎಂದು ನೆನೆದು ಅವಳಿಗೆ ಅಳುವೇ ಬಂತು.

ತಪಾಸಣೆಯ ಹೆಣ್ಣುಮಗಳು ಶೈಲಾಳ ಕೊರಳಿನ ಕಡೆ ಬೆರಳು ಮಾಡಿದಳು. ಮೈಕಿನಲ್ಲಿ ಶೈಲಾಳ ಹೆಸರು ಒಮ್ಮೆ ಕೂಗಿದರು. ಮೂರು ಸಲ ಕೂಗಿದರೂ ಹೋಗದಿದ್ದರೆ ಆಟ ಮುಗಿದಂತೆಯೇ ಎಂದು ಆಸೀಫ್ ಮೊದಲೇ ಹೇಳಿದ್ದ.

"ಯವ್ವಾ, ಆಯಿ ಬ್ಯಾಡ ಅಂದ್ರ ನಾ ಆಡೂದಿಲ್ಲ..." ಎಂದಳು ಶೈಲಾ.

ಎರಡನೇ ಸಲ ಕೂಗಿದರು. ಮಹಾನಂದಾಳ ಎದೆಯಲ್ಲಿ ಹದಿನೆಂಟು ವರ್ಷ ತಡೆದಿಟ್ಟದ್ದು ಒಡೆದು ಹೊರಬಂತು. "ಅತ್ತಿ! ಪಾಪ ಇದ್ರ ನನಗ ಬರ್ಲಿ. ನಾ ಹಡದೀನಿ, ನಾನಽ ತಗೀತೀನಿ. ಮನಿಗೆ ಬರಬ್ಯಾಡ ಅಂದ್ರ ಬರೂದಿಲ್ಲ!"

ರೇವವ್ವ ಕೂಗಾಡಲಿಲ್ಲ. ಸೊಸೆಯ ರಟ್ಟೆ ಹಿಡಿದುಕೊಂಡಳು. "ನಿನಗೇನ ಗೊತ್ತೈತಿ ಮಹಾನಂದಾ... ಶಂಕ್ರಪ್ಪನಕಿಂತ ಮೊದಲ ನನಗೊಂದು ಹೆಣ್ಣುಕೂಸು ಇತ್ತು, ನೀಲವ್ವ ಅಂತ. ಎರಡು ವರ್ಷದ್ದು. ಶಿವದಾರ ತಿಕ್ಕಿ ಕೊರಳು ಕೆಂಪಗಾಗಿತ್ತು. ಮೈಗೆ ನೀರ ಹಾಕೂ ಮುಂದ ಲಿಂಗ ತಗದು ಗೂಟಕ್ಕ ಹಾಕಿದೆ. ಒಂದಽ ತಾಸು ಬೇ... ಮಧ್ಯಾಹ್ನ ಜ್ವರಾ ಬಂತು. ಸಂಜಿ ಅನ್ನೂದರಾಗ ಕೂಸು ಇಲ್ಲ... ನಾನಽ ಕೊಂದೆ, ಈ ಕೈಲೇನಽ ಕೊಂದೆ!"

ಅಯ್ಯೋ... ಇಷ್ಟು ವರ್ಷ ಬರೀ ಹಟವೆಂದು ತಿಳಿದಿದ್ದು ಇಂಥ ಭಯವೇ! ಮಗಳ ಕೊರಳಿಗೆ ಚಾಚಿದ್ದ ಕೈಯನ್ನು ಮಹಾನಂದಾ ಹಿಂದೆಳೆದುಕೊಂಡಳು. ಶೈಲಾ ಅಜ್ಜಿಯ ಕಾಲ ಬಳಿ ಕುಳಿತು, "ಬಿಡು ಆಯಿ, ಮನಿಗೆ ಹೋಗೂಣು," ಎಂದು ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚತೊಡಗಿದಳು.

ಆ ಪಟ್ಟಿ ಬಿಚ್ಚುವುದನ್ನು ರೇವವ್ವನಿಗೆ ನೋಡಲಾಗಲಿಲ್ಲ. "ಸುಮ್ಮನಿರು ಲೇ!" ಎಂದು ಗದರಿಸಿ, ಪೂಜೆಗೆ ಕುಳಿತವಳ ಹಾಗೆ ಚಕ್ಕಳಮಕ್ಕಳ ಹಾಕಿ, ಎಡ ಅಂಗೈ ಚಾಚಿದಳು. "ಮಹಾನಂದಾ, ತಗಿ. ಗೂಟಕ್ಕ ಹಾಕಬ್ಯಾಡ, ಚೀಲದಾಗ ಇಡಬ್ಯಾಡ. ನನ್ನ ಕೈಯಾಗ ಇಡು. ಹುಡುಗಿ ತಿರುಗಿ ಬರೂತನಕ ನಾ ಕದಲೂದಿಲ್ಲ!"

ಮೂರನೇ ಸಲ ಕೂಗುವಷ್ಟರಲ್ಲಿ ಶೈಲಾ ಮ್ಯಾಟಿನ ಮೇಲಿದ್ದಳು.

ಆಮೇಲೆ ಮಹಾನಂದಾ ಕಂಡದ್ದನ್ನು ಹೇಗೆ ಹೇಳುವುದು! ಮನೆಯಲ್ಲಿ ಜಿರಲೆ ಕಂಡರೆ ಕಟ್ಟೆ ಹತ್ತುವ ಹುಡುಗಿ ಇವಳೇನು? ಶ್ರೀಲಂಕಾದ ಹುಡುಗಿ ಗುದ್ದಲು ಬಂದರೆ ಕೂದಲೆಳೆಯಷ್ಟೇ ಸರಿದು, ಗಾಳಿ ಸೀಳುವ ಹಾಗೆ ಕಾಲೆತ್ತಿ, ಅವಳ ಕೆನ್ನೆಗೆ ಬರೀ ಮುಟ್ಟಿಸಿ ನಿಲ್ಲಿಸಿದಳು. ಅಷ್ಟು ವೇಗದ ಒದೆತ, ನೋವಾಗುವ ಮೊದಲೇ ನಿಂತುಬಿಟ್ಟಿತು! ಮೂರು ಅಂಕ! ಒದೆಯುವಾಗ ಶೈಲಾ ಹಾಕಿದ ಕೂಗಿಗೆ ಇಡೀ ಕ್ರೀಡಾಂಗಣ ತಿರುಗಿ ನೋಡಿತು. ಒಂದು ಗೆದ್ದಳು, ಎರಡು ಗೆದ್ದಳು, ಮೂರನೆಯದೂ ಗೆದ್ದಳು. ಪ್ರತಿ ಸುತ್ತು ಮುಗಿದಾಗಲೂ ರೇವವ್ವನದು ಒಂದೇ ಪ್ರಶ್ನೆ: "ಉಸಿರು ಆಡಾಕತ್ತಾಳ, ಹೌದಿಲ್ಲ?" ಗೆದ್ದಳೋ ಸೋತಳೋ ಕೇಳಿದವಳಲ್ಲ. ನೀರು ಕೊಟ್ಟರೂ ಒಲ್ಲೆ ಎಂದಳು. ಮೂರು ತಾಸು ಆ ಅಂಗೈ ಕೆಳಗಿಳಿಯಲಿಲ್ಲ.

ಫೈನಲ್‌ನಲ್ಲಿ ಎದುರಿಗೆ ಬಂದವಳು ಮಲೇಷ್ಯಾದ ಹುಡುಗಿ, ಶೈಲಾಳಿಗಿಂತ ಗೇಣುದ್ದ ಎತ್ತರ. ಕೊನೆಯ ಗಳಿಗೆಯವರೆಗೂ ಸರಿಸಮ ಇದ್ದು, ಒಂದೇ ಅಂಕದಿಂದ ಶೈಲಾ ಸೋತಳು. ಗೆದ್ದವಳು ಸೋತವಳಿಗೆ ನಡು ಬಗ್ಗಿಸಿ ವಂದಿಸಿದಳು. ಇವಳೂ ವಂದಿಸಿದಳು. ನೋಡುತ್ತಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು!

ಬೆಳ್ಳಿ ಪದಕಕ್ಕೆ ಹೆಸರು ಕೂಗುತ್ತಿದ್ದರೂ ಶೈಲಾ ಓಡಿ ಬಂದದ್ದು ಅಜ್ಜಿಯ ಬಳಿಗೆ. ಮರಗಟ್ಟಿದ ಬೆರಳುಗಳನ್ನು ಮಹಾನಂದಾ ಒಂದೊಂದಾಗಿ ತಿಕ್ಕಿ ಮಡಿಸಬೇಕಾಯಿತು. ರೇವವ್ವ ತಾನೇ ಶಿವದಾರ ಕಟ್ಟಿ, "ಈಗ ಹೋಗು, ಅವರದೂ ಹಾಕಿಸ್ಕೊ," ಎಂದು ಕಳಿಸಿದಳು. ಪದಕ ಗೆದ್ದ ಹುಡುಗಿಯರು ಪೀಠದ ಮೇಲೆ ನಿಂತರು, ಧ್ವಜಗಳು ಮೇಲೇರಿದವು. ಆಸೀಫ್ ಮಗುವಿನಂತೆ ಅಳುತ್ತಿದ್ದ.

ಇಳಿದು ಬಂದ ಶೈಲಾ ಪದಕ ತೋರಿಸಿದಳು. ರೇವವ್ವ ಅದನ್ನು ನೋಡಲೇ ಇಲ್ಲ. ಹುಡುಗಿಯ ಎದೆಯ ಮೇಲೆ ಕೈಯಿಟ್ಟಳು. ಎದೆ ಢವಢವ ಬಡಿದುಕೊಳ್ಳುತ್ತಿತ್ತು.

"ಮೂರು ತಾಸು ಮೈಮ್ಯಾಲೆ ಲಿಂಗ ಇರಲಿಲ್ಲ... ಆದರೂ ಕೂಸು ಬದುಕಿ ಬಂತು..." ರೇವವ್ವ ಸೊಸೆಯ ಕಡೆ ತಿರುಗಿದಳು. "ಹಂಗಾರ ಮಹಾನಂದಾ... ನನ್ನ ನೀಲವ್ವನ್ನ ನಾ ಕೊಂದಿಲ್ಲೇನ?"

"ಇಲ್ರಿ ಅತ್ತಿ. ಜ್ವರಾ ಬಂದು ಹೋತರಿ ಕೂಸು. ನೀವು ಕೊಂದಿಲ್ಲ."

ರೇವವ್ವ ಸೊಸೆಯ ಸೆರಗು ಹಿಡಿದುಕೊಂಡು, ಅಷ್ಟು ಜನರ ನಡುವೆ, ನೀಲವ್ವನ ಹೆಸರು ಕರೆದು ಕರೆದು ಅತ್ತಳು.