ಮೂರು ಸಲ ತಪ್ಪಿಸಿಕೊಂಡ ಕಡವೆ

ಬಿಲ್ಲಿಲ್ಲ, ಬಾಣವಿಲ್ಲ. ಅವಳ ಕೈಯಲ್ಲಿ ಇದ್ದದ್ದು ಬರೀ ಒಂದು ಹಗ್ಗದ ಕುಣಿಕೆ...

ಎದುರಿಗೆ, ಹತ್ತೇ ಹೆಜ್ಜೆ ದೂರದಲ್ಲಿ, ಬೆಳಕಿನ ಕಡವೆ!

ಹಾಲಿನಂಥ ಮೈ. ಮಿನುಗುವ ಕೊಂಬು. ಅದು ಕಾಲಿಟ್ಟ ಕಡೆಯೆಲ್ಲಾ ಒಣ ನೆಲದಲ್ಲಿ ನೀರು ಜಿನುಗುತ್ತೆ. ದೇವರ ಪ್ರಾಣಿ. ಅದರ ಒಂದು ಹನಿ ರಕ್ತ ಬಿದ್ದರೂ ಕಾಡಿಗೆ ಕಾಡೇ ಒಣಗಿಹೋಗುತ್ತೆ. ಅದಕ್ಕೇ ಅದನ್ನು ಜೀವಂತ ಹಿಡಿದು, ರಾಜ್ಯದ ಬತ್ತಿದ ಕೆರೆಯವರೆಗೆ ನಡೆಸಿಕೊಂಡು ಹೋಗಬೇಕು.

ಬೇಟೆಗಾರ್ತಿ ಉಸಿರು ಬಿಗಿಹಿಡಿದಳು. ಗಾಳಿ ಕಡವೆಯ ಕಡೆಯಿಂದ ಅವಳತ್ತ ಬೀಸುತ್ತಿದೆ, ಅವಳ ವಾಸನೆ ಅದಕ್ಕೆ ಸಿಕ್ಕಿಲ್ಲ. ಓಡುವ ದಾರಿಗೆಲ್ಲಾ ಮೊದಲೇ ಬಲೆ ಕಟ್ಟಿಸಿದ್ದಾಳೆ. ಈ ಸಲ ತಪ್ಪಿಸಿಕೊಳ್ಳೋ ಮಾತೇ ಇಲ್ಲ!

ಕುಣಿಕೆ ಬೀಸಿದಳು.

"ಹದಿನೇಳು!" ಹಲ್ಲಿನ ಡಾಕ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಹದಿನೇಳು ಬಿತ್ತು ಕಣ್ರೀ!"

ಗಾಬರಿಯಾಗಬೇಡಿ. ಕಾಡೂ ಇಲ್ಲ, ಕಡವೆಯೂ ಇಲ್ಲ. ಇದು ಅವಳ ಕನ್ನಡಕದ ಅಂಗಡಿಯ ಹಿಂದಿನ ಕೋಣೆ. ಭಾನುವಾರ ಅಂಗಡಿಗೆ ರಜೆ. ಕಣ್ಣು ಪರೀಕ್ಷೆಯ ಕುರ್ಚಿಯನ್ನು ಮೂಲೆಗೆ ತಳ್ಳಿ, ನಡುವೆ ಮೇಜು ಹಾಕಿಕೊಂಡು, ಅವಳು ಮಾಡಿದ ಟೀ ಕುಡಿಯುತ್ತಾ ನಾಲ್ಕು ಜನ ಆಡುವ ಆಟ. ಅವಳು ಬೇಟೆಗಾರ್ತಿ. ಅವಳ ಅತ್ತಿಗೆ ಮಂತ್ರವಾದಿನಿ. ಪಕ್ಕದ ಕ್ಲಿನಿಕ್ಕಿನ ಹಲ್ಲಿನ ಡಾಕ್ಟ್ರು ಏಳಡಿ ಎತ್ತರದ ರಾಕ್ಷಸ. ನಿಜದಲ್ಲಿ ಅವರಿಗೆ ಮೇಲಿನ ಶೆಲ್ಫು ಕೈಗೆಟುಕಲ್ಲ, ಅದು ಬೇರೆ ಮಾತು.

ಮತ್ತೆ ಅವನು. ಕಥೆ ಹೇಳುತ್ತಾ ಆಟ ನಡೆಸುವವನು. ವಾರವೆಲ್ಲಾ ಆ ಬೀದಿಯ ಬಿಲ್ಡಿಂಗುಗಳ ಲಿಫ್ಟ್ ರಿಪೇರಿ ಮಾಡುವವನು, ಅದಕ್ಕೇ ಎಲ್ಲರ ಬಾಯಲ್ಲಿ ಲಿಫ್ಟಪ್ಪ. ಭಾನುವಾರ ಬಾಯಿ ತೆರೆದರೆ ಸಾಕು, ಗೋಡೆ ಕರಗಿ ಕಾಡು ಎದ್ದು ನಿಲ್ಲುತ್ತಿತ್ತು. ಅವನ ಆ ದನಿ ಕೇಳೋಕೆ ಅವಳು ವಾರವೆಲ್ಲಾ ಕಾಯುತ್ತಿದ್ದಳು. ಹಾಗಂತ ಯಾರಾದರೂ ಅಂದಿದ್ದರೆ ಅವರ ಮುಖಕ್ಕೇ ಬೈದುಬಿಡುತ್ತಿದ್ದಳು.

ಆಟದ ನಿಯಮ ಸುಲಭ. ಅವಳು ಇಪ್ಪತ್ತು ಮುಖದ ದಾಳ ಎಸೆಯಬೇಕು. ಕಡವೆಯ ಪರವಾಗಿ ಅವನು ಎಸೆಯುತ್ತಾನೆ. ಯಾರದ್ದು ದೊಡ್ಡದೋ ಅವರು ಗೆದ್ದರು. ಅವನು ಎಸೆಯೋದು ಮಾತ್ರ ರಟ್ಟಿನ ಮರೆಯ ಹಿಂದೆ. ಏನು ಬಿತ್ತು ಅಂತ ಅವನೇ ಹೇಳಬೇಕು, ಉಳಿದವರು ನಂಬಬೇಕು.

ಅವನು ಎಸೆದ. ನೋಡಿದ.

"ಹತ್ತೊಂಬತ್ತು..." ಅಂದ ಮೆಲ್ಲಗೆ. "ಕಡವೆ ತಲೆ ಕೊಡವಿತು... ಕುಣಿಕೆ ಕೊಂಬಿಗೆ ತಾಗಿ ಜಾರಿತು... ತಪ್ಪಿಸಿಕೊಂಡಿತು."

"ಅಯ್ಯೋ! ಮತ್ತೇನಾ?" ಅತ್ತಿಗೆ ಹಣೆ ಚಚ್ಚಿಕೊಂಡಳು.

ಇದು ಮೂರನೇ ಸಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅವಳು ನಿಟ್ಟುಸಿರು ಬಿಟ್ಟು ತಲೆ ಎತ್ತಿದಳು. ಆಗ ಅವನ ಬೆನ್ನ ಹಿಂದಿನ ಕನ್ನಡಿ ಕಣ್ಣಿಗೆ ಬಿತ್ತು.

ಕನ್ನಡಕದ ಅಂಗಡಿ ಅಂದಮೇಲೆ ಕನ್ನಡಿಗೇನು ಬರ? ಬೆಳಗ್ಗೆ ಅತ್ತಿಗೆ ಧೂಳು ಒರೆಸುವಾಗ ಆ ಕನ್ನಡಿಯನ್ನು ತುಸು ಕೆಳಕ್ಕೆ ಬಾಗಿಸಿಟ್ಟಿದ್ದಳು. ಮರೆಯ ಹಿಂದಿನ ಮೇಜು ಅದರಲ್ಲಿ ಪೂರ್ತಿ ಕಾಣುತ್ತಿತ್ತು. ದಾಳವೂ ಕಾಣುತ್ತಿತ್ತು. ಕಣ್ಣು ಪರೀಕ್ಷೆಯ ಪಟ್ಟಿಯ ಅಕ್ಷರಗಳನ್ನು ಕನ್ನಡಿಯಲ್ಲಿ ತಿರುಗುಮುರುಗಾಗಿ ಓದೋದು ಅವಳ ದಿನದ ಕೆಲಸ, ಅವಳಿಗೆ ತಪ್ಪಾಗೋ ಸಂಭವವೇ ಇಲ್ಲ.

ನಾಲ್ಕು.

ಬಿದ್ದದ್ದು ಹತ್ತೊಂಬತ್ತಲ್ಲ... ನಾಲ್ಕು!

ಅವಳ ಮೈಯೆಲ್ಲಾ ಉರಿದುಹೋಯಿತು. ಎದ್ದವಳೇ ಆ ರಟ್ಟಿನ ಮರೆಯನ್ನು ಕಿತ್ತು ನೆಲಕ್ಕೆ ಎಸೆದಳು.

"ಇದೇನ್ರೀ ಇದು? ಇದು ಹತ್ತೊಂಬತ್ತಾ?"

ಅವನ ಮುಖ ಬಿಳಿಚಿಕೊಂಡಿತು. ಡಾಕ್ಟ್ರು ಬಗ್ಗಿ ನೋಡಿ, "ಕಣ್ಣು ಪರೀಕ್ಷೆ ಇವನಿಗೇ ಮೊದಲು ಮಾಡ್ಬೇಕಿತ್ತು..." ಅಂದರು. ಯಾರೂ ನಗಲಿಲ್ಲ.

"ಹಿಂದಿನ ಎರಡು ಸಲ?"

ಅವನು ದಾಳ ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಕೇಳಿದ್ದು ಕಿವಿಗೆ ಬಿತ್ತಾ? ಹಿಂದಿನ ಎರಡು ಸಲ!"

"...ಆಗಲೂ ನೀವೇ ಗೆದ್ದಿದ್ರಿ."

"ಹೋಗ್ಲಿ ಬಿಡೇ," ಅತ್ತಿಗೆ ಅವಳ ಕೈ ಹಿಡಿದಳು. "ಆಟ ತಾನೇ..."

"ಆಟ ತಾನೇ?" ಅವಳು ಕೈ ಕಿತ್ತುಕೊಂಡಳು. "ಅವತ್ತೂ ಹೀಗೇ ಅಂದ್ರಿ ಅಲ್ವಾ ಅತ್ತಿಗೆ? ಒಂದು ಸಂಬಂಧ ತಾನೇ, ಹೋಗ್ಲಿ ಬಿಡು ಅಂತ!"

ಅತ್ತಿಗೆ ಮುಖ ಆಚೆ ತಿರುಗಿಸಿದಳು.

ನೀವೇ ಹೇಳಿ, ಅವಳ ಸಿಟ್ಟು ತಪ್ಪಾ? ಹೋದ ವರ್ಷ ಅವಳಿಗೆ ಒಂದು ಸಂಬಂಧ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಬೇಡ ಅಂದುಬಿಟ್ಟರು. ಆದರೆ ಅಣ್ಣ, ಅತ್ತಿಗೆ ಇಬ್ಬರೂ ಸೇರಿ, ಪಾಪ ನೋಯುತ್ತಾಳೆ ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟರು. ಬೀದಿಗೆಲ್ಲಾ ಗೊತ್ತು, ಎದುರು ಮನೆಯ ಅಜ್ಜಿಗೆ ಗೊತ್ತು. ಗೊತ್ತಿಲ್ಲದೆ ಮದುವೆ ಸೀರೆಯ ಬಣ್ಣ ಆರಿಸುತ್ತಾ ಕೂತವಳು ಅವಳೊಬ್ಬಳೇ! ಅವತ್ತಿನಿಂದ ಅವಳು ಯಾರ ಸಿಹಿ ಮಾತನ್ನೂ ನಂಬುತ್ತಿರಲಿಲ್ಲ. ನಂಬಿದ್ದು ಈ ಒಂದು ಆಟವನ್ನು ಮಾತ್ರ. ದಾಳ ಯಾರ ಮುಖವನ್ನೂ ನೋಡಲ್ಲ, ಯಾರಿಗೂ ಅಯ್ಯೋ ಅನ್ನಲ್ಲ ಅಂತ.

ಈಗ ಅದೂ ಸುಳ್ಳು!

"ಒಬ್ಬ ಹೆಂಗಸು ಗೆದ್ದರೆ ನಿನ್ನ ಕಥೆಗೆ ಅವಮಾನವಾ?" ಸಿಟ್ಟಿನಲ್ಲಿ ಬಹುವಚನ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ರಾತ್ರಿಯೆಲ್ಲಾ ಯೋಚನೆ ಮಾಡಿದ್ದೀನಿ ಕಣೋ... ಗಾಳಿ ಯಾವ ಕಡೆ, ಬಲೆ ಎಲ್ಲಿ ಅಂತ! ನೀನು ಮರೆಯಲ್ಲಿ ಕೂತು ನಗ್ತಿದ್ದೆ!"

"ನಕ್ಕಿಲ್ಲ! ದೇವರಾಣೆ ನಕ್ಕಿಲ್ಲ... ನಾನು..."

"ಹೋಗು. ಎಲ್ಲರೂ ಹೋಗಿ!"

ಹೋದರು. ಅವಳು ಖಾಲಿ ಕೋಣೆಯಲ್ಲಿ ಕೂತು ಅತ್ತಳು. ಅಳು ಬಂತಲ್ಲಾ ಅಂತ ಅದಕ್ಕೂ ಸಿಟ್ಟು ಮಾಡಿಕೊಂಡಳು.

ಆ ವಾರ ಅಂಗಡಿಗೆ ಬಂದವರ ಪಾಡು ಯಾರಿಗೂ ಬೇಡ.

"ಈ ಗಾಜು ಸ್ಪಷ್ಟವಾಗಿದೆಯಾ, ಈ ಗಾಜಾ?"

"ಎರಡೂ ಒಂದೇ ಥರ ಇದೆಯಮ್ಮಾ..."

"ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ! ನಿಜ ಹೇಳಿ!"

ಆ ಹಿರಿಯರು ಹೆದರಿ, ಎರಡನೇದು ಅಂದುಬಿಟ್ಟರು. ಅವಳಿಗೆ ಪಿಚ್ಚೆನಿಸಿತು. ಅವರನ್ನು ಕೂರಿಸಿ ಮತ್ತೆ ಮೊದಲಿಂದ ನಿಧಾನವಾಗಿ ಪರೀಕ್ಷೆ ಮಾಡಿದಳು. 'ಅವನ ಮೇಲಿನ ಸಿಟ್ಟನ್ನು ಇವರ ಮೇಲೆ ಯಾಕೆ ತೀರಿಸ್ಕೊಳ್ಳಲಿ? ತೀರಿಸೋದಾದರೆ ಅವನ ಮೇಲೇ ತೀರಿಸ್ತೀನಿ...'

ಗುರುವಾರ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತು. ಗೋಡೆಯ ಆಚೆಯಿಂದ ಠಣ್ ಠಣ್ ಅಂತ ಸದ್ದು ಬಂದಾಗಲೇ ಅವಳಿಗೆ ತಿಳಿಯಿತು, ಅವನು ಬಂದಿದ್ದಾನೆ. ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟು ಹೊರಟಳು.

ಲಿಫ್ಟಿನ ಬಾಗಿಲು ತೆರೆದಿತ್ತು. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ, ಅವನು ಕೆಳಗಿನ ಗುಂಡಿಗೆ ಇಳಿದಿದ್ದ. ತಲೆ ಮಾತ್ರ ಅವಳ ಕಾಲಿನ ಮಟ್ಟಕ್ಕೆ ಕಾಣುತ್ತಿತ್ತು. ಕೆನ್ನೆಗೆಲ್ಲಾ ಗ್ರೀಸು. ಅವಳನ್ನು ನೋಡಿದ್ದೇ ಸ್ಪ್ಯಾನರ್ ಕೈಜಾರಿತು.

"ಒಂದೇ ಪ್ರಶ್ನೆ," ಅಂದಳು. "ಯಾಕೆ? ನಂಗೆ ಸಿಹಿ ಮಾತು ಬೇಡ. ನಿಜ ಬೇಕು."

ಅವನು ತಲೆ ತಗ್ಗಿಸಿ ಸ್ಪ್ಯಾನರ್ ಎತ್ತಿಕೊಂಡ.

"ಕಡವೆ ಸಿಕ್ಕಿದ್ರೆ ಆಟ ಮುಗೀತಿತ್ತು."

"ಮುಗೀಲಿ! ಆಟ ಇರೋದೇ ಮುಗಿಯೋಕೆ."

"ಮುಗಿದ್ರೆ... ಭಾನುವಾರ ಇಲ್ಲಿಗೆ ಬರೋಕೆ ನಂಗೆ ಬೇರೆ ಯಾವ ಕಾರಣ ಇದೆ?" ಅವನ ದನಿ ಆ ಗುಂಡಿಯೊಳಗೆ ಗುಂಯ್‌ಗುಟ್ಟಿತು. "ನನ್ನ ಕಣ್ಣು ಚೆನ್ನಾಗಿದೆ. ಕನ್ನಡಕ ಬೇಡ. ನಿಮ್ಮ ಅಂಗಡಿಯೊಳಗೆ ನಂಗೆ ಇನ್ನೇನು ಕೆಲಸ ಹೇಳಿ?"

ಅವಳ ಎದೆ ಝಲ್ಲೆಂದಿತು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಕರಗಿ ನೀರಾಗುತ್ತಿದ್ದರು. ನೀವೂ ಅದನ್ನೇ ಕಾಯ್ತಿದ್ದೀರಿ ಅಲ್ವಾ? ಅವಳು ಕರಗಲಿಲ್ಲ! ಕರಗಬೇಕು ಅನ್ನಿಸಿದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

"ಅಂದ್ರೆ... ನಿನಗೆ ಬಾಯಿಬಿಟ್ಟು ಕೇಳೋಕೆ ಹೆದರಿಕೆ. ನಿನ್ನ ಹೆದರಿಕೆಗೆ ನಾನು ಸೋಲ್ಬೇಕಿತ್ತಾ?"

ಅವನು ತಲೆ ಎತ್ತಿದ.

"ನಾನು ಗೆದ್ದಿದ್ದೆ ಕಣೋ! ಮೂರು ಸಲ ಗೆದ್ದಿದ್ದೆ! ಆ ಖುಷಿ ನಂದು. ಅದನ್ನ ನೀನು ಕದ್ದೆ. ಇಷ್ಟಪಟ್ಟು ಕದ್ದರೆ ಕಳ್ಳತನ ಅಲ್ವಾ? ನಮ್ಮಣ್ಣನೂ ಇದನ್ನೇ ಮಾಡಿದ. ಪ್ರೀತಿಗೇ ಮಾಡಿದ. ನನ್ನ ಪ್ರೀತಿಸೋರೆಲ್ಲಾ ನನ್ನ ಕಣ್ಣಿಗೇ ಯಾಕ್ರೋ ಬಟ್ಟೆ ಕಟ್ತೀರಾ?"

ಅವನು ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ.

"ತಪ್ಪಾಯ್ತು," ಅಂದ. "ನಿಮ್ಮ ಬಗ್ಗೆ ಯೋಚಿಸ್ತಿದ್ದೀನಿ ಅಂದ್ಕೊಂಡಿದ್ದೆ. ಯೋಚಿಸಿದ್ದು ನನ್ನ ಬಗ್ಗೆ ಮಾತ್ರ."

ಅವಳು ಅಂಗಡಿಯ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿ ನಿಂತಳು.

"ಭಾನುವಾರ ಬಾ. ಆಟ ಅರ್ಧಕ್ಕೆ ಬಿಡೋಳಲ್ಲ ನಾನು. ಆ ಮರೆ ಬೇಡ. ದಾಳ ಎಲ್ಲರ ಎದುರಿಗೇ ಬೀಳ್ಬೇಕು."

"ನೀವು ಗೆದ್ದುಬಿಟ್ರೆ...?"

"ಗೆದ್ರೆ ಮುಗೀತು. ಅದನ್ನ ತಡ್ಕೊಳ್ಳೋ ಧೈರ್ಯ ಇದ್ರೆ ಬಾ."

ಭಾನುವಾರ ಬಂತು. ಅವನೂ ಬಂದ. ಕೈಯಲ್ಲಿ ದಾಳ ಬಿಟ್ಟರೆ ಬೇರೇನೂ ಇರಲಿಲ್ಲ. ಅತ್ತಿಗೆ ಬಂದವಳೇ ಅವಳ ಪಕ್ಕ ನಿಂತು, "ಅವನಿಗೆ ನಿನ್ನ ಮೇಲೆ ಮನಸ್ಸಿದೆ ಅಂತ ನಂಗೆ ಮೊದಲೇ ಅನುಮಾನ ಇತ್ತು ಕಣೇ. ಹೇಳಲಿಲ್ಲ. ಇದೇ ಕೊನೆ, ಇನ್ನು ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡಲ್ಲ," ಅಂದಳು.

"ಮುಚ್ಚಿಟ್ರೆ ಗೊತ್ತಾಗೇ ಆಗುತ್ತೆ," ಅಂದಳು ಅವಳು. ಆದರೆ ಕುರ್ಚಿ ಸರಿಸಿ ಅತ್ತಿಗೆಗೆ ಜಾಗ ಕೊಟ್ಟಳು.

ಅವನು ಕಥೆ ಶುರು ಮಾಡಿದ. ಕಾಡು ಎದ್ದು ನಿಂತಿತು. ಹಳ್ಳದ ಪಕ್ಕದಲ್ಲಿ ಬೆಳಕಿನ ಕಡವೆ ತಲೆ ತಗ್ಗಿಸಿ ಮೇಯುತ್ತಿತ್ತು. ಅವಳು ಮಂಡಿಯೂರಿ ತೆವಳಿದಳು, ಕುಣಿಕೆ ಎತ್ತಿದಳು.

ದಾಳ ಕೈಗೆ ತೆಗೆದುಕೊಂಡಾಗ ಅವಳಿಗೆ ಇದ್ದಕ್ಕಿದ್ದಂತೆ ಭಯವಾಯಿತು.

'ಗೆದ್ರೆ ಮುಗೀತು ಅಂದುಬಿಟ್ಟೆನಲ್ಲಾ... ಮುಂದಿನ ಭಾನುವಾರ ಈ ದನಿ ಇರಲ್ಲ. ಕೈ ಸಡಿಲ ಮಾಡ್ಲಾ? ದಾಳ ಎಸೆಯದೇ ಹಗ್ಗ ಜಾರಿತು ಅಂದುಬಿಡ್ಲಾ...? ಬೇಕಂತಲೇ ಮಾಡಿದ್ದು ಅಂತ ಯಾರಿಗೂ ಗೊತ್ತಾಗಲ್ಲ...'

ಅವನು ಪಟ್ಟ ಪಾಡು ಅವಳಿಗೆ ಆಗ ಅರ್ಥವಾಯಿತು. ಅರ್ಥವಾಯಿತು, ಆದರೂ ಅವಳು ಒಪ್ಪಲಿಲ್ಲ. ಹಲ್ಲು ಕಚ್ಚಿ ಎಸೆದಳು.

ಹನ್ನೆರಡು.

"ಸಾಧಾರಣ..." ಡಾಕ್ಟ್ರು ಗೊಣಗಿದರು.

ಈಗ ಅವನ ಸರದಿ. ದಾಳ ಮೇಜಿನ ನಡುವೆ ಉರುಳಿತು... ಉರುಳಿತು... ಅವಳ ಎದುರಿಗೇ ಬಂದು ನಿಂತಿತು.

ಒಂಬತ್ತು.

ಎಲ್ಲರಿಗೂ ಕಾಣುತ್ತಿತ್ತು. ಆದರೂ ಅದನ್ನು ಅವನೇ ಹೇಳಬೇಕಿತ್ತು.

"ಕುಣಿಕೆ..." ಅವನ ದನಿ ಒಡೆಯಿತು. "ಕುಣಿಕೆ ಕೊರಳಿಗೆ ಬಿತ್ತು. ಕಡವೆ ಒದೆಯಲಿಲ್ಲ, ಓಡಲಿಲ್ಲ. ಒಂದು ಸಲ ಬೇಟೆಗಾರ್ತಿಯನ್ನು ನೋಡಿತು... ಆಮೇಲೆ ತಾನಾಗಿಯೇ ಅವಳ ಹಿಂದೆ ಹೆಜ್ಜೆ ಹಾಕಿತು. ಕೆರೆ ತುಂಬಿತು. ನೀವು ಗೆದ್ರಿ. ಆಟ... ಮುಗೀತು."

"ಭಲೇ!" ಡಾಕ್ಟ್ರು ಮೇಜು ಗುದ್ದಿದರು. ಅತ್ತಿಗೆ ಅವಳನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು! ತಾನೇ ಗೆದ್ದದ್ದು, ಎಲ್ಲರ ಎದುರಿಗೆ ಗೆದ್ದದ್ದು! ಎಷ್ಟು ದಿನವಾಗಿತ್ತು ಇಂಥ ಖುಷಿ ಕಂಡು.

"ಡಾಕ್ಟ್ರೇ, ನಂಗ್ಯಾಕೋ ಹಲ್ಲು ನೋವು," ಅತ್ತಿಗೆ ದಿಢೀರ್ ಅಂತ ಎದ್ದಳು.

"ಭಾನುವಾರ ಕ್ಲಿನಿಕ್ ರಜೆ ಕಣಮ್ಮ..."

"ಏಳ್ರೀ ಸುಮ್ನೆ!"

ಇಬ್ಬರೂ ಹೋದರು. ಅವನು ದಾಳ ಜೇಬಿಗೆ ಹಾಕಿಕೊಂಡ. ಬಾಗಿಲವರೆಗೆ ನಡೆದ. ಕೈ ಚಿಲಕದ ಮೇಲಿತ್ತು.

"ಅಷ್ಟೇನಾ?" ಅವಳು ಗುಡುಗಿದಳು. "ಇಷ್ಟೆಲ್ಲಾ ಆದಮೇಲೂ ಬಾಯಿಗೆ ಬೀಗಾನಾ?"

ಅವನು ತಿರುಗಿದ. ಒಂದು ಸಲ ಕಣ್ಣು ಮುಚ್ಚಿ ತೆರೆದ.

"ಮುಂದಿನ ಭಾನುವಾರ ಆಟ ಇಲ್ಲ. ರಿಪೇರಿ ಇಲ್ಲ. ನಂಗೆ ಇಲ್ಲಿ ಯಾವ ಕೆಲಸಾನೂ ಇಲ್ಲ. ಆದ್ರೂ ಬರ್ಬೇಕು ಅನ್ಸುತ್ತೆ. ನಿಮ್ಮನ್ನ ನೋಡೋಕೆ. ನಂಗೆ ನೀವಂದ್ರೆ ತುಂಬಾ ಇಷ್ಟ... ಬರ್ಲಾ?"

ಅವಳು ತಕ್ಷಣ ಹೂಂ ಅನ್ನಲಿಲ್ಲ. ಅಷ್ಟು ಸುಲಭಕ್ಕೆ ಅಂದುಬಿಟ್ಟರೆ ಅವಳು ಅವಳೇ ಅಲ್ಲ.

"ನಂಗೆ ನೋವಾಗುತ್ತೆ ಅಂತ ಇನ್ನೊಂದು ಸಲ ಸುಳ್ಳು ಹೇಳಿದ್ರೆ?"

"ಹೇಳಲ್ಲ."

"ಸಿಟ್ಟು ಬರುತ್ತೆ ಅಂತ?"

"ಆಗಲೂ ಹೇಳಲ್ಲ. ಹಾಗಾದ್ರೆ... ಈಗಲೇ ಒಂದು ಹೇಳ್ಬಿಡ್ಲಾ?"

"ಏನು?"

"ನೀವು ಭಾನುವಾರ ಮಾಡ್ಕೊಡ್ತಿದ್ದ ಟೀ... ಕುಡಿಯೋಕಾಗಲ್ಲ."

"ಏನಂದೆ?!" ಅವಳ ಕಣ್ಣು ಕೆಂಪಾಯಿತು. "ಮೂರು ಮೂರು ಲೋಟ ಕುಡೀತಿದ್ಯಲ್ಲೋ!"

"ಕುಡಿಯೋವಷ್ಟು ಹೊತ್ತು ಇಲ್ಲೇ ಕೂತಿರಬಹುದಲ್ಲಾ ಅಂತ..."

ಅವಳು ಬೈಯೋಕೆ ಬಾಯಿ ತೆರೆದಳು. ನಗು ಬಂದುಬಿಟ್ಟಿತು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು, ಅವನ ತೋಳು ಹಿಡಿದು ಒಳಗೆಳೆದಳು.

"ನಂಗೂ ನೀನಂದ್ರೆ ಇಷ್ಟ ಕಣೋ ದಡ್ಡ. ಕೂತ್ಕೋ, ಇವತ್ತು ಮಾಡ್ತೀನಿ ನೋಡು."

"ಇವತ್ತೂ ಹಾಗೇ ಇದ್ರೆ ಚೆಲ್ಲಲಾ?"

"ಚೆಲ್ಲು," ಅಂದಳು ಅವಳು. "ಆದ್ರೆ ನನ್ನ ಎದುರಿಗೇ ಚೆಲ್ಲು."