ಬೆಂಚಿನ ಆ ತುದಿ

ನಂಬಿ ಎಂದು ಒತ್ತಾಯವಿಲ್ಲ, ಬೇಕಾದರೆ ಬಂದು ಕೂತು ನೋಡಿ. ನಾನು ಗುಮಾಸ್ತ, ಬಡಗಿಯಾಗಿದ್ದವರು ನಮ್ಮಪ್ಪ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ತಿಂಗಳು ಒಂದು ಭಾನುವಾರ, ಅವರು ಬಿಟ್ಟುಹೋದ ಹಲಗೆಯಿಂದಲೇ ಹಿತ್ತಿಲಿಗೊಂದು ಬೆಂಚು ಮಾಡಿದೆ. ಹಿಂದೆಲ್ಲ ನಾನು ಹಲಗೆ ಕೊಯ್ಯುವಾಗ ಅದು ಅಲುಗದಿರಲೆಂದು ಅಪ್ಪ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದರು. ಈ ಸಲ ಯಾರೂ ಕೂತಿರಲಿಲ್ಲ. ಆದರೂ ಹಲಗೆ ಮಿಸುಕಲಿಲ್ಲ.

ಅವಸರದಲ್ಲಿ ಕಾಲುಗಳನ್ನು ತೀರಾ ನಡುವಿಗೆ ಜಡಿದುಬಿಟ್ಟೆ. ಒಂದು ತುದಿಯಲ್ಲಿ ಕೂತರೆ ಇನ್ನೊಂದು ತುದಿ ಏಳಲೇಬೇಕು.

"ಇದು ಬೆಂಚಾ, ತಕ್ಕಡೀನಾ?" ಎಂದು ಹೆಂಡತಿ ನಕ್ಕು, ಬೇಕೆಂದೇ ತುದಿಯಲ್ಲಿ ಕೂತಳು. ಬೆಂಚು ಅಲ್ಲಾಡಲಿಲ್ಲ. ನಾನೂ ಅವಳಿಗೆ ಒತ್ತಿಕೊಂಡು ಕೂತೆ. ಆಗಲೂ ಇಲ್ಲ. ನೆರಳಲ್ಲಿದ್ದ ಆ ಖಾಲಿ ತುದಿಯನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

"ಮಗನ ಕೆಲಸ ಮಾವನಿಗೆ ಗೊತ್ತಿಲ್ವಾ," ಎಂದಳು. ನಗು ತಡೆಯಲಾಗದೆ ಇಬ್ಬರ ಕಣ್ಣಲ್ಲೂ ನೀರು ಬಂತು.

ಈಗ ದಿನಾ ಸಂಜೆ ನಮ್ಮ ಚಹಾ, ಹರಟೆ ಎಲ್ಲ ಅಲ್ಲೇ. ಏಳುವ ಮುಂಚೆ ಅವಳು ತಪ್ಪದೆ, "ಏಳ್ತೀವಿ ಮಾವ," ಎನ್ನುತ್ತಾಳೆ. ಹೇಳದೆ ಇಬ್ಬರೂ ಒಟ್ಟಿಗೆ ಎದ್ದ ಆ ಮೊದಲ ದಿನ ಬೆಂಚು ಧಡಾರನೆ ಮಗುಚಿತ್ತು, ಖಾಲಿ ತುದಿಯ ಕಡೆಗೆ.