ಎರಡು ಸಲ ತಿರುಗಿದ ಸ್ಕ್ರೂ

ಕಾರಿನ ಮೂತಿ ಗ್ಯಾರೇಜಿನೊಳಗಿನ ಫ್ರೀಜರಿಗೆ ತಾಗಿ ನಿಂತಿತ್ತು. ಎರಡರ ನಡುವೆ ವಸಂತಾ ಬಿದ್ದಿದ್ದರು. ಬಲಗಾಲು ಮುರಿದಿತ್ತು. ಸ್ಟೀರಿಂಗ್ ಹಿಡಿದಿದ್ದವಳು ಯಾಮಿನಿ.

“ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿಬಿಟ್ಲು!” ಪಕ್ಕದ ಸೀಟಿನಿಂದ ಇಳಿಯುತ್ತ ಕೂಗಿದವರು ವಸಂತಾರ ಗಂಡ, ಡಾಕ್ಟರ್ ಬದರಿನಾಥ. ಕಾರು ಅವರದೇ, ಹಳೆಯದು, ಕ್ಲಚ್ ಇಲ್ಲದ ಆಟೊಮ್ಯಾಟಿಕ್. ಯಾಮಿನಿಗೆ ಡ್ರೈವಿಂಗ್ ಕಲಿಸುತ್ತಿದ್ದವರೂ ಅವರೇ.

೧೯೯೬ರ ಜನವರಿ, ಅಮೆರಿಕ. ಮಾರಿಸ್‌ವಿಲ್ ದೇವಸ್ಥಾನದ ಊಟದ ಸಾಲಿನಲ್ಲೇ ತೀರ್ಪಾಯಿತು— ಹೆಂಗಸು, ಅದೂ ಹೊಸಬಳು, ಇನ್ನೇನು? ಯಾಮಿನಿಯೂ ಒಪ್ಪಿದಳು. ಟೆಸ್ಟ್ ಬೇಡವೆಂದಳು. ದುಡಿಯಲು ಬಿಡದ ವೀಸಾ, ಬಸ್ಸಿಲ್ಲದ ಊರು. ಲೈಸೆನ್ಸೂ ಇಲ್ಲವಾದರೆ ಹಾಲು ತರಲೂ ಗಂಡ ಧೀರಜ್ ಬರುವ ತನಕ ಕಾಯಬೇಕು. ಇದನ್ನು ಸಂಸಾರ ಎನ್ನುತ್ತಾರೆ. ಜೈಲು ಎನ್ನಲು ಯಾರಿಗೂ ಬಾಯಿಲ್ಲ.

ಒಪ್ಪದವಳು ಆ ಸಾಲಿನಲ್ಲಿದ್ದ ನಳಿನಿ ಒಬ್ಬಳೇ. ಅಪಘಾತವಾದ ಕಾರುಗಳನ್ನು ಇನ್ಶೂರೆನ್ಸ್ ಕಂಪನಿಯೊಂದಕ್ಕಾಗಿ ಪರೀಕ್ಷಿಸುವುದು ಅವಳ ಕೆಲಸ. ಯಾಮಿನಿ, ಧೀರಜ್ ಇಬ್ಬರನ್ನೂ ಕರೆದುಕೊಂಡು ಡಾಕ್ಟರರ ಮನೆಗೇ ಬಂದಳು. ಡಾಕ್ಟರೇ ಗ್ಯಾರೇಜಿನ ಬೀಗ ತೆಗೆದರು. ಅಂದಿನಿಂದ ಕಾರು ಅಲ್ಲೇ ಇತ್ತು.

“ಆವತ್ತು ಏನ್ ಮಾಡ್ದೆ, ಯಾಮಿನಿ?”

“ಸ್ಟಾರ್ಟ್ ಮಾಡಿ ಡ್ರೈವ್ ಗೇರ್‌ಗೆ ಹಾಕ್ದೆ ಅಕ್ಕಾ. ಮೆಲ್ಲಗೆ ಒಳಗೆ ಬರೋಣ ಅಂತ ಬ್ರೇಕ್ ಸ್ವಲ್ಪ ಸಡಿಲ ಬಿಟ್ಟೆ… ಹಾರ್ತು.”

“ಅದಕ್ಕೆ ಮುಂಚಿನ ದಿನಗಳಲ್ಲಿ?”

“ಪ್ರತಿ ಸ್ಟಾಪ್ ಸೈನ್ ಹತ್ರ ನಿಲ್ಲಿಸಿದಾಗ್ಲೂ ಎಂಜಿನ್ ಆಫ್ ಆಗೋದು. ಹಿಂದಿನೋರು ಹಾರ್ನ್ ಮಾಡೋರು. ಅಳು ಬರೋದು.”

“ಆವತ್ತು ಆಫ್ ಆಯ್ತಾ?”

“ಇಲ್ಲ…”

“ರಿಪೇರಿ ಮಾಡಿಸಿದ್ರಾ ಅಂಕಲ್?”

“ಇಲ್ಲಮ್ಮ. ಧೀರಜ್ ಏನಾದ್ರೂ ಕೈಯಾಡಿಸಿದ್ನೇನೋ!”

“ನಾನಾ? ನಂಗೆ ಬಾನೆಟ್ ಓಪನ್ ಮಾಡೋಕೇ ಬರಲ್ಲ ಅಂಕಲ್!”

ನಳಿನಿ ಕೀಲಿ ತಿರುಗಿಸಿದಳು. ಎಂಜಿನ್ ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದಳು. ಮತ್ತೆ ನಿಂತಿತು.

ಬಾನೆಟ್ ಎತ್ತಿ ಟಾರ್ಚ್ ಬಿಟ್ಟಳು.

“ಕಾರು ನಿಂತಿದ್ದಾಗ ಎಂಜಿನ್‌ಗೆ ಎಷ್ಟು ಗಾಳಿ ಬೇಕು ಅಂತ ಇದರಲ್ಲಿ ಕಂಪ್ಯೂಟರ್ ನೋಡ್ಕೊಳುತ್ತೆ, ಈ ಸಣ್ಣ ವಾಲ್ವ್ ಬಿಡುತ್ತೆ. ಮಸಿ ಕಟ್ಟಿದ್ರೆ ಉಸಿರುಕಟ್ಟಿ ಆಫ್ ಆಗುತ್ತೆ. ವಾಲ್ವ್ ಕ್ಲೀನ್ ಮಾಡಿದ್ರೆ ಆಯ್ತು. ಆದ್ರೆ ಯಾರೋ ಗಾಳಿ ಹೆಚ್ಚಿಸೋಕೆ ಈ ಸ್ಕ್ರೂ ತಿರುಗಿಸಿದ್ದಾರೆ— ಇಂಡಿಯಾದಲ್ಲಿ ಹಳೇ ಕಾರುಗಳಿಗೆ ಮಾಡೋ ಹಾಗೆ. ಫ್ಯಾಕ್ಟರಿ ಪೇಂಟ್ ಒಡೆದಿದೆ, ನೋಡಿ. ಆವತ್ತು ಚಳಿಯ ಬೆಳಿಗ್ಗೆ, ತಣ್ಣಗಿನ ಎಂಜಿನ್‌ಗೆ ಜಾಸ್ತಿ ಗಾಳಿ ಬೇಕು ಅಂತ ವಾಲ್ವ್ ಪೂರ್ತಿ ತೆರೀತು. ಅದರ ಗಾಳಿ, ಸ್ಕ್ರೂ ಬಿಟ್ಟ ಗಾಳಿ, ಎರಡೂ ಸೇರಿ ಆಕ್ಸಿಲರೇಟರ್ ಒತ್ತದೇನೇ ಕಾರು ನುಗ್ಗಿತು.”

“ಧೀರಜ್‌ಗೆ ಬರಲ್ಲ ಅಂದ್ರೆ ಇನ್ಯಾರೋ—” ಡಾಕ್ಟರ್ ಬಾಯಿ ಹಾಕಿದರು.

“ನಾವೆಲ್ಲ ಈ ಹುಡುಗಿ ಪಾದಾನೇ ನೋಡಿದ್ವಿ ಅಂಕಲ್. ಆವತ್ತು ನುಗ್ಗಿದ ಕಾರು ಇವತ್ತು ಮತ್ತೆ ಯಾಕೆ ಆಫ್ ಆಗ್ತಿದೆ? ಅಪಘಾತ ಆದ ಮೇಲೆ ಸ್ಕ್ರೂನ ಯಾರೋ ವಾಪಸ್ ತಿರುಗಿಸಿದ್ದಾರೆ. ಬೀಗ ಹಾಕಿದ ಗ್ಯಾರೇಜ್. ಕೀ ಯಾರ ಹತ್ರ ಇತ್ತು?”

ಬದರಿನಾಥರು ಜೇಬಿನಿಂದ ಕೀ ತೆಗೆದು ಕಾರಿನ ಮೇಲಿಟ್ಟರು.

“ಪಾಪ, ಯಾಮಿನಿ ಅಳ್ತಿದ್ಳಲ್ಲ ಅಂತ ತಿರುಗಿಸ್ದೆ. ಮೈಸೂರಲ್ಲಿ ನಮ್ ಫಿಯಟ್‌ಗೆ ಹಾಗೇ ಮಾಡ್ತಿದ್ದೆ… ಆಮೇಲೆ ಹೆದರಿ ವಾಪಸ್ ತಿರುಗಿಸ್ದೆ. ನಿನ್ನ ಕಾಲು ಮುರಿದವನು ನಾನೇ ಅಂತ ವಸಂತಾಗೆ ಹೇಗೆ ಹೇಳ್ಲಿ?”

ಯಾಮಿನಿಯ ದನಿ ಏರಲಿಲ್ಲ. “ನನ್ನ ಕಾಲು ಬ್ರೇಕ್ ಮೇಲೇ ಇತ್ತು ಅಂಕಲ್. ನಂಗೆ ಗೊತ್ತಿತ್ತು. ಆದ್ರೆ ನೀವು ಸುಳ್ಳು ಹೇಳೋರಲ್ಲ ಅಂತ, ನನ್ನ ಕಾಲನ್ನೇ ನಂಬೋದು ಬಿಟ್ಟೆ.”

ಒಳಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ವಸಂತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಮೂಳೆ ಕೂಡ್ಕೊಳುತ್ತೆ ರೀ,” ಎಂದರು. “ಈ ಹುಡುಗೀಗೆ ಏನ್ ಮಾಡ್ತೀರಿ?”